ಎಡಗಡೆಯ ಸೀಟು

ಇಳಿಯುತ್ತಿದ್ದ ಪುಟ್ಟ ವಿಮಾನ ರನ್‌ವೇ ಮುಟ್ಟುವ ಮೊದಲೇ ಜೋಳದ ಹೊಲಕ್ಕೆ ಬಿತ್ತು. ಯಜಮಾನರನ್ನು ಕರೆದೊಯ್ಯಲು ಕಾರು ತಂದಿದ್ದ ಡ್ರೈವರ್ ಎಲ್ಲರಿಗಿಂತ ಮುಂಚೆ ಓಡಿ ತಲುಪಿದ.

ಎಡಗಡೆಯ ಸೀಟಿನಲ್ಲಿ ವಿಮಾನ ನಡೆಸುತ್ತಿದ್ದ ಪೈಲಟ್ ಸತ್ತಿದ್ದ. ಪಕ್ಕದ ಸೀಟಿನಲ್ಲಿ ಯಜಮಾನರು ಕಾಲು ಮುರಿದುಕೊಂಡು ನರಳುತ್ತಿದ್ದರು.

“ಬಂದ್ಯೇನಪ್ಪಾ? ನಿನ್ನಂಥ ನಂಬಿಗಸ್ತ ಸಿಗಲ್ಲ ಕಣೋ. ಅವತ್ತು ನನ್ನ ಕಾರಿಗೆ ಆ ಹುಡುಗಿ ಸಿಕ್ಕಿ ಸತ್ತಾಗ, ಸ್ಟೀರಿಂಗ್ ಮುಂದೆ ಕೂತ್ಕೋ, ಪೊಲೀಸರು ಕೇಳಿದ್ರೆ ನಾನೇ ಓಡಿಸ್ತಿದ್ದೆ ಅನ್ನು, ಮಿಕ್ಕಿದ್ದು ನಾನ್ ನೋಡ್ಕೋತೀನಿ ಅಂದೆ. ನೀನು ತುಟಿ ಪಿಟಕ್ಕೆನ್ನದೆ ಕೂತೆ.”

“ನಾನು ಜೈಲಲ್ಲಿದ್ದಾಗ ನಮ್ಮವ್ವ ಹೋದ್ಲು ಧಣಿ. ಮಣ್ಣು ಮಾಡೋಕೂ ಬಿಡ್ಲಿಲ್ಲ.”

“ಹಳೇದೆಲ್ಲ ಈಗ್ಯಾಕೋ? ಬೇಗ ಎತ್ತು.”

“ಎತ್ತುತೀನಿ. ಜನ ಬರೋದ್ರೊಳಗೆ ಎತ್ತಬೇಕು.”

ಅವನು ಪೈಲಟ್‌ನ ಹೆಣವನ್ನು ಹೊರಗೆಳೆದು ಮಲಗಿಸಿದ. ಆಮೇಲೆ ಯಜಮಾನರ ಕಂಕುಳಿಗೆ ಕೈಕೊಟ್ಟು, ನೋವಾಗದ ಹಾಗೆ ಮೆಲ್ಲಗೆ ಸರಿಸಿ, ಖಾಲಿಯಾದ ಎಡಗಡೆಯ ಸೀಟಿನಲ್ಲಿ ಕೂರಿಸಿ ಬೆಲ್ಟು ಬಿಗಿದ.

“ಇಲ್ಯಾಕೋ ಕೂರಿಸ್ತೀಯ? ನನಗೆ ಲೈಸೆನ್ಸ್ ಕೂಡ ಇಲ್ಲ.”

ದೂರದಲ್ಲಿ ಜೀಪಿನ ಸೈರನ್ ಕೇಳಿಸಿತು.

“ಪೊಲೀಸರು ಕೇಳಿದ್ರೆ ನಾನೇ ಓಡಿಸ್ತಿದ್ದೆ ಅನ್ನಿ ಧಣಿ. ಮಿಕ್ಕಿದ್ದು ನಾನ್ ನೋಡ್ಕೋತೀನಿ.”