ಪರ್ಮಿಟ್ಟಿನ ಔಷಧ

ಲೋಟದಿಂದ ಹಬೆ ಏಳುವುದನ್ನು ಕಂಡು ಚನ್ನಬಸಯ್ಯನ ಮೈಯೆಲ್ಲ ಉರಿದುಹೋಯಿತು. ಪಾನನಿಷೇಧದ ಮುಂಬಯಿಯಲ್ಲಿ ಡಾಕ್ಟರರನ್ನು ಕಾಡಿಬೇಡಿ, ಪರ್ಮಿಟ್ ಮಾಡಿಸಿ ತಂದ ಒಂದೇ ಒಂದು ಬಾಟಲಿ ಬಿಯರು. ಅದನ್ನು ಬೆಳಗಿನಿಂದ ಬರ್ಫದಲ್ಲಿ ಹೂತಿಟ್ಟು, ಗಂಟಲಿಗಿಳಿಯುವ ತಂಪನ್ನೂ ಮೀಸೆಗಂಟುವ ನೊರೆಯನ್ನೂ ನೆನೆಯುತ್ತ ಚಾಳಿನ ನಲ್ಲಿಗೆ ಸ್ನಾನಕ್ಕೆ ಹೋಗಿದ್ದ.

“ಕಾಸಿದಿಯೇನ ಇದನ್ನ?”

“ನೀವ ಔಷಧ ಅಂದಿದ್ರಲ್ಲ,” ಎಂದಳು ಹೆಂಡತಿ ರುದ್ರವ್ವ. “ಥಂಡಿ ಔಷಧ ಯಾರರ ಕುಡೀತಾರೇನ್ರಿ? ಮೆಣಸು, ಬೆಲ್ಲ ಹಾಕಿ ಕುದಿಸೀನಿ.”

ಔಷಧವಲ್ಲ ಎನ್ನುವಂತಿರಲಿಲ್ಲ. ಲಿಂಗಪೂಜೆಯ ಮನೆಯೊಳಗೆ ಆ ಬಾಟಲಿ ಬಂದದ್ದೇ ಔಷಧದ ಹೆಸರಿನಲ್ಲಿ. ಅವನು ಮೂಗು ಮುಚ್ಚಿಕೊಂಡು ಕೊನೆಯ ಹನಿಯವರೆಗೂ ಕುಡಿದ.

ರುದ್ರವ್ವ ಖಾಲಿ ಲೋಟ ಇಸಿದುಕೊಂಡಳು. “ಮುಂದಿನ ಬಾಟ್ಲೀನೂ ಹಿಂಗ ಕುದಿಸ್ಲೋ, ಇಲ್ಲಾ ಖರೇ ಹೇಳ್ತೀರೋ?”