ಬಲಗಡೆಯ ಮಡ್ಗಾರ್ಡು

"ತಡಿಯೋ!" ಎಂದು ಭಾವ, ಭಾಮೈದ ಎತ್ತಿದ ಸುತ್ತಿಗೆಯ ಕೆಳಗೆ ತನ್ನ ಅಂಗೈಯನ್ನೇ ಇಟ್ಟುಬಿಟ್ಟ.

"ಕೈ ತೆಗೀರಿ ಭಾವ. ಬೆರಳು ಜಜ್ಜಿಹೋದ್ರೆ ಅಕ್ಕನಿಗೆ ನಾನೇನು ಹೇಳಲಿ?" ಭಾಮೈದ ವರ್ಷಗಟ್ಟಲೆ ದುಡಿದು ಎಬ್ಬಿಸಿ ನಿಲ್ಲಿಸಿದ ಎರಡು ಬಾಗಿಲಿನ ಹಳೇ ಕಾರು ಅದು. ಹಿಂದಿನ ಬಲ ಮಡ್ಗಾರ್ಡು ಎಡದ್ದಕ್ಕಿಂತ ಒಂದು ಬೆರಳಷ್ಟು ಉಬ್ಬಿತ್ತು. ಯಾರೋ ರಿಪೇರಿ ಮಾಡಿ ಕೆಡಿಸಿದ್ದಾರೆ, ನಾಳಿನ ಹಳೇ ಕಾರುಗಳ ಪ್ರದರ್ಶನಕ್ಕೆ ಮೊದಲು ಬಡಿದು ಸಮ ಮಾಡದಿದ್ದರೆ ಬಹುಮಾನ ಸಿಗುವುದಿಲ್ಲ ಎಂಬುದು ಅವನ ಲೆಕ್ಕ.

ಭಾವ ಅವನ ಕೈಗೆ ಟಾರ್ಚು ಕೊಟ್ಟು ಚಕ್ರದ ಪಕ್ಕ ಮಲಗಿಸಿದ. ಮಡ್ಗಾರ್ಡಿನ ಒಳಮೈಯಲ್ಲಿ ಸುತ್ತಿಗೆಯ ಸಣ್ಣ ಗುರುತುಗಳು ನಾಟಿಯ ಸಾಲಿನಂತೆ ತುದಿಯವರೆಗೂ ನಡೆದಿದ್ದವು. ಅವುಗಳ ಮೇಲೆ ಕಾರು ಹುಟ್ಟಿದಾಗಿನ ಕೆಂಪು ಬಣ್ಣ ಒಂದು ಬಿರುಕೂ ಇಲ್ಲದೆ ಕೂತಿತ್ತು. "ಬಣ್ಣ ಬೀಳೋಕೆ ಮೊದಲಿನ ಪೆಟ್ಟು ಇವು, ರಿಪೇರಿ ಅಲ್ಲ, ಕಾರ್ಖಾನೆಯಲ್ಲೇ ಕೈಯಿಂದ ಬಡಿದದ್ದು. ಈಗ ಎಡಗಡೆ ನೋಡು. ಗುರುತು ದೊಡ್ಡವು, ಸಾಲು ಓರೆ. ಎರಡೂ ಬೇರೆ ಬೇರೆ ಕೈ ಕಣೋ. ಆಗ ಎಲ್ಲರಿಗೂ ವಿಮಾನದ ಹುಚ್ಚು. ಎಡಗಡೆಯವನು ವಿಮಾನದ ಬಾಲ ನೆನೆಸಿಕೊಂಡು ಬಡಿದಿದ್ದಾನೆ. ಬಲಗಡೆಯವನಿಗೆ ದೋಣಿ ಇಷ್ಟ ಇತ್ತೇನೋ, ದೋಣಿ ಹೊಟ್ಟೆ ಥರ ಉಬ್ಬಿಸಿದ್ದಾನೆ."

ಭಾಮೈದ ಎದ್ದು ಕಾರಿನ ಹಿಂದೆ ನಿಂತ. ತೋಳು ಚಾಚಿ ಎರಡು ಮಡ್ಗಾರ್ಡುಗಳ ಮೇಲೂ ಕೈಯಿಟ್ಟು ಕಣ್ಣು ಮುಚ್ಚಿದ. ಕೈಗಳು ಆ ಇಳಿಜಾರಿನಲ್ಲಿ ನಿಧಾನವಾಗಿ ಜಾರಿದವು. ಬಲಗೈ ಮಾತ್ರ ಉಬ್ಬಿನ ಮೇಲೆ ಬಂದು ನಿಂತುಬಿಟ್ಟಿತು.

"ಹಾಗಾದ್ರೆ ಬಹುಮಾನ ಹೋಯ್ತಲ್ಲ ಭಾವ."

"ಹೋಯ್ತು."

"ಹೋಗ್ಲಿ ಬಿಡಿ," ಎಂದ ಭಾಮೈದ, ಕಣ್ಣು ತೆರೆಯದೆಯೇ.