ಎಡತೋಳಿನ ಮೂರನೇ ಪಟ್ಟಿ

“ಎಣಿಸಿ,” ಎಂದ ಪಂಡಿತ, ಕೋಟಿನ ಎಡತೋಳನ್ನು ಟೈಲರಮ್ಮನ ಮೂಗಿಗೆ ತಾಗುವಂತೆ ಹಿಡಿದು.

“ಮೂರು,” ಎಂದಳು ಟೈಲರಮ್ಮ.

ಅವನು ಫೋನಿನಲ್ಲಿದ್ದ ಚಿತ್ರ ತೋರಿಸಿದ. “ಇಲ್ಲಿ?”

“ಎರಡು.”

“ಅಬ್ಬಾ, ಎಣಿಸೋಕೆ ಬರುತ್ತೆ! ಮತ್ತೆ ಹೊಲಿಯೋವಾಗ ಏನಾಗಿತ್ತು ನಿಮಗೆ?”

ಟೈಲರಮ್ಮ ಸೂಜಿಗೆ ದಾರ ಪೋಣಿಸುತ್ತ ಕೂತಳು.

ಇಪ್ಪತ್ತೈದು ವರ್ಷ ಹಳೆಯ ಒಂದು ಅನಿಮೆ, ಅಂದರೆ ಜಪಾನಿ ಕಾರ್ಟೂನ್, ಧಾರಾವಾಹಿಯನ್ನು ಹನ್ನೊಂದು ಸಲ ನೋಡಿದ್ದಕ್ಕೆ ಗೆಳೆಯರು ಅವನನ್ನು ಪಂಡಿತ ಎಂದು ಗೇಲಿ ಮಾಡುತ್ತಿದ್ದರು. ಅವನು ಅದನ್ನೇ ಬಿರುದು ಎಂದುಕೊಂಡು ಹೊತ್ತು ತಿರುಗುತ್ತಿದ್ದ. ಕೊನೆಯ ದೃಶ್ಯದಲ್ಲಿ ಸೇತುವೆಯ ಮೇಲೆ ನಿಲ್ಲುವ ನಾಯಕನ ವೇಷ ತೊಟ್ಟು ಕಾಸ್‌ಪ್ಲೇ ಫೋಟೊ ತೆಗೆಸಿಕೊಳ್ಳಬೇಕೆಂಬುದು ಅವನ ಜನ್ಮದ ಆಸೆ. ಚಿತ್ರದಲ್ಲಿ ಇದ್ದದ್ದು ಇದ್ದ ಹಾಗೇ ಬರಬೇಕು, ಒಂದು ಗುಂಡಿಯೂ ಆಚೀಚೆ ಆಗಕೂಡದು. ನಾಯಕನಿಗೆ ಹದಿನೇಳು ವರ್ಷ, ಬಳುಕುವ ಸೊಂಟ. ಪಂಡಿತನಿಗೆ ಮೂವತ್ತೆಂಟು, ಸೊಂಟದ ವಿಷಯ ಬಿಡಿ. ಆ ವ್ಯತ್ಯಾಸವೊಂದು ಮಾತ್ರ ಅವನ ಕಣ್ಣಿಗೆ ಬಿದ್ದಿರಲಿಲ್ಲ.

ಸಿದ್ಧತೆ ಭರ್ಜರಿಯಾಗಿತ್ತು. ಮೇಕಪ್ ಅವನ ತಂಗಿಯದು: ನೇರಳೆ ಲೆನ್ಸ್, ಬಲಗಣ್ಣಿನ ಕೆಳಗೆ ಗ್ಲಿಸರಿನ್ನಿನ ಒಂದೇ ಹನಿ. ಎರಡು ಹಾಕಿದರೆ ಅದು ಅಳು, ಒಂದು ಹಾಕಿದರೆ ತ್ಯಾಗ ಎಂದು ಅಣ್ಣ ಅವಳಿಗೆ ಪಾಠ ಮಾಡಿದ್ದ. ಬೆಳಕು ಸ್ಟುಡಿಯೊ ಯಜಮಾನನದು: ಬೆನ್ನ ಹಿಂದಿನಿಂದ ನೀಲಿ, ಎಡಗಡೆಯಿಂದ ತೆಳುವಾದ ಬಿಳಿ. ಉಡುಪು ಮಾತ್ರ ಸ್ಟುಡಿಯೊದ ಮೂಲೆಯಲ್ಲಿ ಹೊಲಿಗೆ ಮಷಿನ್ ಇಟ್ಟುಕೊಂಡಿದ್ದ ಟೈಲರಮ್ಮನ ಪಾಲಿಗೆ ಬಂದಿತ್ತು.

ಅವಳು ಮೊದಲ ದಿನವೇ ವಿಚಿತ್ರವಾಗಿ ಆಡಿದ್ದಳು. ಚಿತ್ರ ಕೊಟ್ಟರೆ ಎಲ್ಲರೂ ನಾಯಕನ ಮುಖ ನೋಡುತ್ತಾರೆ. ಇವಳು ನೇರವಾಗಿ ತೋಳು ನೋಡಿ “ಅಯ್ಯೋ” ಎಂದಳು. ಆಮೇಲೆ, ಯಾರೂ ಕೇಳದಿದ್ದರೂ, “ಕೋಟಿನ ಒಳಮೈ ಕಡುಗೆಂಪು,” ಎಂದಳು.

“ಒಳಮೈ ಎಲ್ಲೂ ತೋರಿಸೇ ಇಲ್ಲ. ಸುಮ್ನೆ ಬುರುಡೆ ಬಿಡಬೇಡಿ,” ಎಂದು ಪಂಡಿತ ನಕ್ಕಿದ್ದ. “ಧಾರಾವಾಹಿ ನೋಡಿದ್ದೀರಾ ನೀವು?”

“ನೋಡೋಕೆ ಪುರುಸೊತ್ತೆಲ್ಲಿತ್ತಪ್ಪಾ.”

ಈಗ ಅವನ ಸಹನೆ ಮುಗಿದಿತ್ತು. “ಇಡೀ ಧಾರಾವಾಹಿಲಿ ಮೂರು ಪಟ್ಟಿ. ಕೊನೇ ದೃಶ್ಯದಲ್ಲಿ ಮಾತ್ರ ಎರಡು. ಯಾಕೆ? ಸತ್ತ ತಮ್ಮನಿಗೋಸ್ಕರ ಒಂದನ್ನ ಅವನೇ ಕಿತ್ತು ಹಾಕಿದ್ದಾನೆ! ಆ ಖಾಲಿ ಜಾಗ ಇದೆಯಲ್ಲ, ಅದೇ ಕಥೆಯ ಜೀವ. ಇದರ ಮೇಲೆ ನಾನು ನಲವತ್ತು ನಿಮಿಷ ಭಾಷಣ ಮಾಡಿದ್ದೀನಿ.”

“ಎರಡು ಸಲ,” ಎಂದಳು ತಂಗಿ ಆಕಳಿಸುತ್ತ.

“ಮೂರೇ ಸರಿ,” ಎಂದಳು ಟೈಲರಮ್ಮ.

ಯಜಮಾನ ದೀಪ ಬಿಟ್ಟು ಧಾವಿಸಿ ಬಂದ. ಗಿರಾಕಿಯಿಂದ ಇನ್ನೊಂದು ದೂರು ಬಂದರೆ ಮಷಿನ್ ಎತ್ತಿಕೊಂಡು ಹೊರಡಿ ಎಂದು ಅವನು ಬೆಳಿಗ್ಗೆಯೇ ಎಚ್ಚರಿಸಿದ್ದ. ಅರವತ್ತನಾಲ್ಕು ದಾಟಿದವಳನ್ನು ಬೇರೆ ಯಾರೂ ಕೆಲಸಕ್ಕೆ ಇಟ್ಟುಕೊಳ್ಳುವುದಿಲ್ಲ. ಅದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು, ಅವಳಿಗೆ ಇನ್ನೂ ಚೆನ್ನಾಗಿ ಗೊತ್ತಿತ್ತು.

“ಒಂದು ಪಟ್ಟಿ ಬಿಚ್ಚಿಬಿಡಿ. ಎರಡು ನಿಮಿಷದ ಕೆಲಸ,” ಎಂದ ಯಜಮಾನ.

“ಬಿಚ್ಚೋಕೆ ಕೈ ಬರಲ್ಲ ಸ್ವಾಮಿ.”

“ನಿಮಗೇನು ತಲೆಗಿಲೆ ಕೆಟ್ಟಿದೆಯಾ? ಹೊಟ್ಟೆಪಾಡಿನ ಪ್ರಶ್ನೆ ಇದು!”

“ಗೊತ್ತು. ಆದ್ರೂ ಬಿಚ್ಚಲ್ಲ.”

“ಹಾಗಾದ್ರೆ ನಾಳೆಯಿಂದ ಬರಬೇಡಿ.”

ಪಂಡಿತ ತಾನೇ ಕತ್ತರಿ ತೆಗೆದುಕೊಂಡು ಮೂರನೇ ಪಟ್ಟಿಯನ್ನು ಕಿತ್ತ. ಬಟ್ಟೆಯೂ ಚೂರು ಹರಿಯಿತು. ಆ ಹರುಕಿನಲ್ಲೂ ಅವನಿಗೆ ಏನೋ ಗೂಢಾರ್ಥ ಹೊಳೆದು, ಹಾಗೇ ಇರಲಿ ಎಂದ. ಹೊಟ್ಟೆ ಒಳಗೆಳೆದುಕೊಂಡು, ಉಸಿರು ಬಿಗಿಹಿಡಿದು, ರಟ್ಟಿನ ಸೇತುವೆಯ ಮೇಲೆ ನಿಂತ. ನೀಲಿ ಬೆಳಕು ಹತ್ತಿತು. ತ್ಯಾಗದ ಹನಿ ಕೆನ್ನೆಗಿಳಿಯಿತು. ಕ್ಯಾಮೆರಾ ಕ್ಲಿಕ್ಕಿಸಿತು.

“ಆಹಾ!” ಪರದೆಯಲ್ಲಿ ತನ್ನನ್ನು ತಾನೇ ನೋಡಿಕೊಂಡು ಪಂಡಿತ ಕೂಗಿದ. “ಎಂಥಾ ಕಲ್ಪನೆ ರೀ ಅದು! ಆ ಪಟ್ಟಿ ಬೇಡ ಅಂತ ನಿರ್ಧಾರ ಮಾಡಿದ ಮಹಾನುಭಾವ ಸಿಕ್ಕಿದ್ರೆ ಕಾಲಿಗೆ ಬೀಳ್ತಿದ್ದೆ!”

ಮೂಲೆಯಲ್ಲಿ ಟೈಲರಮ್ಮ ಮಷಿನ್ನಿಗೆ ಹೊದಿಕೆ ಹಾಕುತ್ತಿದ್ದಳು. ತಂಗಿ ಮೇಕಪ್ ಬ್ರಷ್ ಕೆಳಗಿಟ್ಟಳು. ಹತ್ತಿರ ಹೋಗಿ ಮೆಲ್ಲಗೆ ಕೇಳಿದಳು: “ಒಂದು ಪಟ್ಟಿಗೋಸ್ಕರ ಕೆಲಸ ಕಳ್ಕೊಂಡ್ರಲ್ಲಮ್ಮಾ, ಯಾಕಿಷ್ಟು ಹಠ?”

“ಜಪಾನಿನವರು ಆ ಧಾರಾವಾಹಿಯ ಚಿತ್ರಗಳನ್ನ ಇಲ್ಲಿನ ಕಂಪನಿಗೆ ಕಳಿಸ್ತಿದ್ರು, ಅದಕ್ಕೆ ಬಣ್ಣ ತುಂಬ್ತಿದ್ದವಳು ನಾನು ಕಣಮ್ಮಾ. ಕೊನೇ ದೃಶ್ಯದಲ್ಲಿ ಒಂದು ಪಟ್ಟಿ ಮರೆತೆ ಅಂತ ಅವತ್ತು ಕೆಲಸದಿಂದ ತೆಗೆದ್ರು, ಇವತ್ತು ನೆನಪಿಟ್ಟು ಮೂರೂ ಹಾಕಿದೆ ಅಂತ ತೆಗೆದ್ರು.”